ಸಮಾಧಾನದ ಡಬ್ಬಿ

ನನ್ನ ತಂಗಿ ಔಷಧಿ ಅಂಗಡಿಯ ಕೌಂಟರಿನ ಮುಂದೆ ನಿಂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಈ ಗುಳಿಗಿ ತಗೊಂಡ ಮ್ಯಾಲೆ ನನಗ ಹಿಂಗಾಗಾಕತ್ತೇತ್ರಿ" ಎಂದು ಹೇಳಿದಾಗ ನಾನು ಕೌಂಟರಿನ ಈ ಕಡೆ, ಅಂಗಡಿಯ ಕೆಲಸದವನಾಗಿ ನಿಂತಿದ್ದೆ. ಆಗ ನಾನು ಒಂದೇ ಒಂದು ಮಾತು ಆಡಬೇಕಿತ್ತು. "ಸರ್, ಆಕಿ ಹೇಳೂದನ್ನ ಕೇಳ್ರಿ" ಅಂದಿದ್ದರೆ ಸಾಕಿತ್ತು. ನಾನು ಆಡಲಿಲ್ಲ. ಸುಮ್ಮನಿದ್ದೆ ಎಂದು ಬರೆದು ಮುಗಿಸಬಹುದಿತ್ತು, ಆದರೆ ಸುಮ್ಮನೂ ಇರಲಿಲ್ಲ. ನಾನು ನಕ್ಕೆ. ಅಂಗಡಿಯ ಮಾಲೀಕರು ನಕ್ಕರು, ನಿಂತಿದ್ದ ಗಿರಾಕಿಗಳು ನಕ್ಕರು, ಅವರ ಜೊತೆ ಸೇರಿ ನಾನೂ ನಕ್ಕೆ.

ಇದನ್ನು ಬರೆಯುವಾಗಲೂ ಸಿಟ್ಟು ಬರುತ್ತದೆ. ಮೊದಲು ಆ ಮಾಲೀಕರ ಮೇಲೆ ಬರುತ್ತದೆ. ಅಲ್ಲಿಂದ ಶುರು ಮಾಡುತ್ತೇನೆ, ಯಾಕೆಂದರೆ ಅದು ನನಗೆ ಸುಲಭ.

ನಾನು ಓದಿದ್ದು ಏಳನೆಯ ತರಗತಿಯವರೆಗೆ. ಅಪ್ಪ ತೀರಿಕೊಂಡ ಮೇಲೆ ಹಳೇ ಹುಬ್ಬಳ್ಳಿಯ ನಮ್ಮ ಓಣಿಯ ಹತ್ತಿರದ ಆ ಅಂಗಡಿಗೆ ಕಸ ಹೊಡೆಯಲು ಸೇರಿದೆ. ಮಾಲೀಕರು ಔಷಧಶಾಸ್ತ್ರ ಓದಿದವರು. ಅವರ ಸರ್ಟಿಫಿಕೇಟು ಗಾಜಿನ ಚೌಕಟ್ಟಿನೊಳಗೆ ಗೋಡೆಯ ಮೇಲಿತ್ತು. ಬೆಳಿಗ್ಗೆ ದೇವರ ಫೋಟೋಕ್ಕೆ ಊದಿನಕಡ್ಡಿ ಬೆಳಗಿದ ಮೇಲೆ ಅದಕ್ಕೂ ಒಂದು ಸುತ್ತು ಬೆಳಗುತ್ತಿದ್ದರು. ನನಗೆ ಕೆಲಸ ಕಲಿಸಿದವರೂ ಅವರೇ. ಗುಳಿಗೆಯ ಪಟ್ಟಿಯ ಬಣ್ಣ, ಹೆಸರಿನ ಮೊದಲ ಅಕ್ಷರ, ಅದರ ಮುಂದಿನ ಅಂಕಿ, ಇಷ್ಟು ಹಿಡಿದುಕೊಂಡು ಡಾಕ್ಟರರ ಚೀಟಿ ಓದುವುದನ್ನು ಕಲಿತೆ. ಕಸ ಹೊಡೆಯುವವನು ಕೆಲವೇ ವರ್ಷಗಳಲ್ಲಿ ಕೌಂಟರಿಗೆ ಬಂದೆ. ಓಣಿಯವರು ನನ್ನನ್ನು ಅರ್ಧ ಡಾಕ್ಟರ್ ಅನ್ನತೊಡಗಿದರು. ನಾನು ಬೇಡ ಅನ್ನಲಿಲ್ಲ.

ಕೌಂಟರಿನ ಕೆಳಗೆ, ಗಿರಾಕಿಗಳಿಗೆ ಕಾಣದ ಹಾಗೆ, ಒಂದು ಪ್ಲಾಸ್ಟಿಕ್ ಡಬ್ಬಿ ಇರುತ್ತಿತ್ತು. ಮೊದಲು ಅದರಲ್ಲಿ ಬಿಸ್ಕೀಟು ಇತ್ತಂತೆ. ಕತ್ತರಿಸಿ ಉಳಿದ ಗುಳಿಗೆ ಪಟ್ಟಿಗಳ ತುಂಡುಗಳನ್ನು ಅದರಲ್ಲಿ ಹಾಕುತ್ತಿದ್ದೆವು: ಹೊಟ್ಟೆಯುರಿಗೆ, ತುರಿಕೆಗೆ, ವಾಂತಿಗೆ, ಬಾಯಿಹುಣ್ಣಿಗೆ. ಮಾಲೀಕರು ಅದಕ್ಕೆ ಇಟ್ಟ ಹೆಸರು ಸಮಾಧಾನದ ಡಬ್ಬಿ. ಯಾರಾದರೂ ಬಂದು, "ನೀವು ಕೊಟ್ಟ ಗುಳಿಗಿ ತಗೊಂಡ್ರ ತಲಿ ತಿರಗತೈತ್ರಿ" ಅಂದರೆ ಅವರು ಚೀಟಿ ಕೇಳುತ್ತಿರಲಿಲ್ಲ, ಯಾವ ಗುಳಿಗೆ ಎಂದೂ ಕೇಳುತ್ತಿರಲಿಲ್ಲ. ನನ್ನ ಕಡೆ ನೋಡುತ್ತಿದ್ದರು. ನಾನು ಬಗ್ಗಿ ಡಬ್ಬಿಯಿಂದ ಒಂದು ತುಂಡು ತೆಗೆದು ಕೊಡುತ್ತಿದ್ದೆ. ಗುಳಿಗೆಯಿಂದ ತೊಂದರೆಯಾದರೆ ಮೇಲೆ ಇನ್ನೊಂದು ಗುಳಿಗೆ. ಅದರಿಂದಲೂ ಏನಾದರೂ ಆದರೆ ಡಬ್ಬಿಯಲ್ಲಿ ಮತ್ತೊಂದು ಇದ್ದೇ ಇತ್ತು.

"ಗುಳಿಗಿದ್ದ ಆಗೇತಿ ಅಂತ ನೀ ಒಮ್ಮೆ ಬಾಯಿ ಬಿಟ್ಟಿ ಅಂದ್ರ ಮುಗೀತು ನೋಡು" ಎಂದು ಅವರು ನನಗೆ ಹೇಳಿದ್ದರು. "ನಾಳಿ ಆತ ಗುಳಿಗಿ ಬಿಡ್ತಾನ. ನಾಡದ ಡಾಕ್ಟರ್ ನನಗ ಫೋನ್ ಹಚ್ಚಿ ಬೈತಾರ. ನಾವು ಬರದದ್ದು ಕೊಡವ್ರು. ಹಿಂದಿಂದು ಮುಂದಿಂದು ನಮಗ ಸಂಬಂಧಿಲ್ಲ."

ಡಬ್ಬಿಯಿಂದಲೂ ಸಮಾಧಾನವಾಗದವರಿಗೆ ಅವರ ಹತ್ತಿರ ಒಂದು ಮಾತಿತ್ತು. "ಯಜಮಾನ್ರ, ಗುಳಿಗಿ ಅಂದ್ರ ಗುಳಿಗೀನ. ಪೆಪ್ಪರಮೆಂಟ್ ಅಂತ ತಿಳಿದಿದ್ರೇನು?" ಅದಕ್ಕೆ ಎಲ್ಲರೂ ನಗುತ್ತಿದ್ದರು. ದೂರು ಹೇಳಲು ಬಂದವನೂ ಹುಳ್ಳಗೆ ನಗುತ್ತ ಹೊರಟುಹೋಗುತ್ತಿದ್ದ. ಅವನು ಮೆಟ್ಟಿಲಿಳಿದ ಮೇಲೆ ನಾವು ಅವನಿಗೆ ಪೆಪ್ಪರಮೆಂಟ್ ಗಿರಾಕಿ ಅನ್ನುತ್ತಿದ್ದೆವು. ಆ ಹೆಸರು ಬಿದ್ದವನು ಇನ್ನೊಮ್ಮೆ ಬಂದು ಏನು ಹೇಳಿದರೂ ಅದು ತಮಾಷೆಯೇ.

ಅವರಲ್ಲಿ ಒಬ್ಬರನ್ನು ನಾನು ಮರೆತಿಲ್ಲ. ನಿವೃತ್ತಿಯಾಗಿದ್ದ ಬಸ್ ಡ್ರೈವರ್, ವಯಸ್ಸಾದವರು. ಫಿಟ್ಸಿಗೆ ಹೊಸದಾಗಿ ಗುಳಿಗೆ ಶುರು ಮಾಡಿದ್ದರು. ಮಾಲೀಕರು ಊಟಕ್ಕೆ ಹೋದ ಹೊತ್ತಿನಲ್ಲಿ ಬಂದು, ಬಳೆಗಾರನ ಮುಂದೆ ಚಾಚುವ ಹಾಗೆ ಎರಡೂ ಕೈಗಳನ್ನು ಕೌಂಟರಿನ ಮೇಲೆ ಚಾಚಿದರು. ಕೈತುಂಬ ಕೆಂಪು ಕಲೆಗಳು. "ತಮ್ಮಾ, ಇದ ಗುಳಿಗಿದ್ದ ಇರಬಹುದೇನು?" ಅಂದರು. "ಉಷ್ಣ ಆಗೇತಿ ಕಾಕಾ" ಎಂದು ಹೇಳಿ ಡಬ್ಬಿಯಿಂದ ತುರಿಕೆಯ ಗುಳಿಗೆ ತೆಗೆದು ಕೊಟ್ಟೆ. ಆಮೇಲೆ ಅವರು ಬರಲಿಲ್ಲ. ಒಂದಷ್ಟು ದಿನ ಬಿಟ್ಟು ಅವರ ಸೊಸೆ ಬಂದು ಉಳಿದ ಗುಳಿಗೆ ಪಟ್ಟಿಗಳನ್ನು ಕೌಂಟರಿನ ಮೇಲಿಟ್ಟಳು. "ಇವು ಈಗ ಬ್ಯಾಡಾಗ್ಯಾವ್ರಿ" ಅಂದಳು. ಅವಳ ಮುಖ ನೋಡಲಿಲ್ಲ, ಕಾಕಾ ಹೇಗಿದ್ದಾರೆ ಎಂದು ಕೇಳಲಿಲ್ಲ, ಯಾಕೆ ಬೇಡವಾದವು ಎಂದು ಕೇಳಲಿಲ್ಲ. ಪಟ್ಟಿ ವಾಪಸು ತೆಗೆದುಕೊಂಡು ಕಪಾಟಿನಲ್ಲಿಟ್ಟೆ.

ಇಷ್ಟೆಲ್ಲ ಆದ ಮೇಲೆ ನನ್ನ ತಂಗಿಯ ಸರದಿ ಬಂತು.

ಅವಳು ಮನೆಯಲ್ಲಿ ಕೂತು ಸೀರೆಗಳಿಗೆ ಫಾಲ್ ಹಚ್ಚುತ್ತಿದ್ದಳು. ಪೇಟೆಯ ಸೀರೆ ಅಂಗಡಿಯವರು ಗಂಟು ಕಟ್ಟಿ ಕಳಿಸುತ್ತಿದ್ದರು. ಹೊಸ್ತಿಲ ಹತ್ತಿರ ಬೆಳಕಿಗೆ ಬೆನ್ನು ಮಾಡಿ, ಕಾಲು ನೀಡಿ ಕೂತರೆ ಅವಳ ಕೈ ನಿಲ್ಲುತ್ತಿರಲಿಲ್ಲ. ಅವಳ ಹೊಲಿಗೆ ಸೀರೆಯ ಹೊರಮೈಯಲ್ಲಿ ಎಷ್ಟು ಹುಡುಕಿದರೂ ಕಾಣುತ್ತಿರಲಿಲ್ಲ. ಮದುವೆ ಸೀರೆಗಳನ್ನು ಅಂಗಡಿಯವರು ಅವಳಿಗಷ್ಟೇ ಕೊಡುತ್ತಿದ್ದರು. ಮದುವೆ ಅವಳಿಗೆ ಬೇಡವಾಗಿತ್ತು. ಸೂಜಿ ಇದ್ದರೆ ಸಾಕು ಅನ್ನುತ್ತಿದ್ದಳು.

ಒಂದು ದಿನ ನಳದ ಹತ್ತಿರ ನೀರು ತುಂಬುವಾಗ ಬಿದ್ದಳು. ಕೈಕಾಲು ಸೆಟೆದು ಬಾಯಲ್ಲಿ ನೊರೆ ಬಂತು. ಎರಡನೆಯ ಸಲವೂ ಹಾಗೇ ಆದಾಗ ಧಾರವಾಡದ ನರರೋಗದ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಅವರು ಗುಳಿಗೆ ಬರೆದುಕೊಟ್ಟು, ನಾವು ಎದ್ದು ಹೊರಡುವಾಗ, "ಹೊಸಾ ಗುಳಿಗಿ. ಮೈ ಮ್ಯಾಲೆ ಏನರ ಎದ್ರ ಲಗೂನ ಬಂದ ಹೇಳ್ರಿ" ಅಂದರು. ನಾನು ಎದೆ ಉಬ್ಬಿಸಿ, "ನಮ್ಮದ ಮೆಡಿಕಲ್ ಐತ್ರಿ ಸರ್, ನಾವ ನೋಡ್ಕೋತೀವಿ" ಅಂದೆ. ಡಾಕ್ಟರ್ ನಂಬಿದರು. ಬಸ್ಸಿನಲ್ಲಿ ತಂಗಿ ಕೇಳಿದಳು, "ನಮ್ಮದು ಯಾವಾಗ ಆತೋ ಯಣ್ಣಾ ಮೆಡಿಕಲ್? ಮಾಲಕ್ರಿಗೆ ಗೊತ್ತೈತಿಲ್ಲೋ?" ಇಬ್ಬರೂ ನಕ್ಕೆವು. ಆ ನಗುವಿನಲ್ಲಿ ತಪ್ಪಿರಲಿಲ್ಲ.

ಫಿಟ್ಸ್ ನಿಂತವು. ಎರಡು ವಾರ ಮನೆ ಹಗುರಾಗಿತ್ತು. ಆಮೇಲೆ ಜ್ವರ ಬಂತು. ಒಂದು ಬೆಳಿಗ್ಗೆ ನಾನು ಅಂಗಡಿಗೆ ಹೊರಟಾಗ ತಂಗಿ ಸೂಜಿ ಕೆಳಗಿಟ್ಟು ಕಣ್ಣುಜ್ಜಿಕೊಂಡಳು.

"ಯಣ್ಣಾ, ಕಣ್ಣಾಗ ಖಾರ ಬಿದ್ದಂಗ ಆಗೇತಿ. ಬಾಯಾಗೂ ಹುಣ್ಣೆದ್ದಾವ. ಉಗುಳು ನುಂಗಾಕ ಆಗವಲ್ದು."

"ಉಷ್ಣ ಆಗೇತಿ. ಸಬ್ಜಾ ನೆನಿ ಹಾಕಿ ಕುಡಿ."

"ಎದಿ ಮ್ಯಾಲೆ ಕೆಂಪಗ ಎದ್ದೈತಿ. ಆ ಗುಳಿಗಿದ್ದ ಇರಬೇಕು ನೋಡು."

"ನೀ ಯಾವಾಗ ಡಾಕ್ಟರ್ ಆದಿ?" ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡೆ.

ಸಂಜೆ ಗದ್ದಲದ ಹೊತ್ತಿನಲ್ಲಿ ಅವಳೇ ಅಂಗಡಿಗೆ ಬಂದಳು. ಗಿರಾಕಿಗಳ ಹಿಂದೆ ತನ್ನ ಸರದಿಗೆ ಕಾಯುತ್ತ ನಿಂತಿದ್ದಳು. ಮುಂದೆ ಬಾ ಎಂದು ನಾನು ಕರೆಯಲಿಲ್ಲ. ಮಾಲೀಕರ ಎದುರು ಬಂದಾಗ ಸೆರಗು ಸ್ವಲ್ಪ ಸರಿಸಿ ತುಟಿ ತೋರಿಸಿದಳು. ತುಟಿ ಬಾತು ಒಡೆದಿತ್ತು. ಮೊದಲೇ ಬರೆದ ಆ ಮಾತು ಹೇಳಿದಳು.

ಮಾಲೀಕರು ನನ್ನ ಕಡೆ ತಿರುಗಿದರು. "ಏನಪಾ, ನಿನ್ನ ತಂಗಿಗೆ ನಮ್ಮ ಗುಳಿಗಿ ಹೊಂದೂದಿಲ್ಲಂತ! ಮನ್ಯಾಗ ಅರ್ಧ ಡಾಕ್ಟರ್ ಇಟ್ಕೊಂಡು ಇಲ್ಲಿಗ್ಯಾಕ ಬಂದಾಳ ಈಕಿ?"

ಹೆಲ್ಮೆಟ್ ಕೈಯಲ್ಲಿ ಹಿಡಿದು ನಿಂತಿದ್ದ ಒಬ್ಬ ಜೋರಾಗಿ ನಕ್ಕ.

"ಇಲ್ರಿ ಸರ್, ಖರೇನ ಭಾಳ ಉರಿಯಾಕತ್ತೇತಿ" ಅಂದಳು ತಂಗಿ. "ಈ ಗುಳಿಗಿ ಬಿಡ್ಲೇನು, ಡಾಕ್ಟರ್ ಕಡೆ ಹೋಗ್ಲೇನು, ಅದೊಂದ ಹೇಳ್ರಿ."

"ಬಿಟ್ರ ನಳದ ಮುಂದ ಮತ್ತ ಬೀಳ್ತಿ ನೋಡವಾ. ಗುಳಿಗಿ ಅಂದ್ರ ಗುಳಿಗೀನ. ಪೆಪ್ಪರಮೆಂಟ್ ಅಂತ ತಿಳಿದಿದ್ದೇನು?"

ಎಲ್ಲರೂ ನಕ್ಕರು. ತಂಗಿ ಅವರನ್ನು ಯಾರನ್ನೂ ನೋಡಲಿಲ್ಲ, ನನ್ನನ್ನು ನೋಡಿದಳು. ನಾನು ನಗುತ್ತಿದ್ದೆ. ನಗುತ್ತಲೇ ಬಗ್ಗಿ, ಸಮಾಧಾನದ ಡಬ್ಬಿಯಿಂದ ತುರಿಕೆಯದೊಂದು, ಬಾಯಿಹುಣ್ಣಿನದೊಂದು ತುಂಡು ತೆಗೆದು ಅವಳ ಕೈಗಿಟ್ಟೆ. ಅವಳು ಸೆರಗು ಮುಚ್ಚಿಕೊಂಡು ಹೋದಳು. ಡಾಕ್ಟರ್ ಕಡೆ ಹೋಗಲೇ ಎಂದು ಅವಳು ಕೇಳಿದ್ದಳು. ಹೋಗು ಅನ್ನಲು ಎಷ್ಟು ಓದಿರಬೇಕು?

ಅದರ ಮರುದಿನವೂ ಆ ಗುಳಿಗೆಯನ್ನು ನಾನೇ ನೀರಿನ ಜೊತೆ ಕೊಟ್ಟೆ. ಅದರ ಮರುದಿನ ಬೆಳಿಗ್ಗೆ ಅವ್ವ ಕೂಗಿಕೊಂಡಳು. ತಂಗಿಯ ರೆಪ್ಪೆಗಳು ಅಂಟಿಕೊಂಡು ಕಣ್ಣು ತೆರೆಯುತ್ತಿರಲಿಲ್ಲ. ಎಬ್ಬಿಸಲು ತೋಳು ಹಿಡಿದರೆ ಚರ್ಮ ನನ್ನ ಕೈಗೆ ಬಂತು.

ದೊಡ್ಡಾಸ್ಪತ್ರೆಯಲ್ಲಿ ಅವಳನ್ನು ಬೆಂಕಿಯಲ್ಲಿ ಸುಟ್ಟವರ ಹಾಗೆ ನೋಡಿಕೊಂಡರು. ಬಟ್ಟೆಯ ಮೇಲೆ ಮಲಗಿಸಿದರೆ ಮೈ ಅಂಟುತ್ತದೆ ಎಂದು ಬಾಳೆ ಎಲೆ ತರಲು ಹೇಳಿದರು. ಬೆಳಿಗ್ಗೆ ಬೆಳಿಗ್ಗೆ ಮಾರ್ಕೆಟ್ಟಿಗೆ ಹೋಗಿ ಹರಿಯದ ಎಲೆ ಆರಿಸಿ ತರುವುದು ನನ್ನ ಕೆಲಸವಾಯಿತು. ಎಲೆ ಮಾರುವವಳು ಒಂದು ದಿನ, "ಮನ್ಯಾಗ ಏನ್ ಕಾರ್ಯೇನೋ ತಮ್ಮಾ?" ಅಂದಳು. ಹೌದು ಅಂದೆ.

ಚರ್ಮದ ವಿಭಾಗದ ಡಾಕ್ಟರಮ್ಮ ಸಣ್ಣ ವಯಸ್ಸಿನವರು. ಗುಳಿಗೆ ನೋಡಿದ ಕೂಡಲೇ, "ಇದರಿಂದಾನೇ" ಅಂದರು. "ಮೊದಲು ಕಣ್ಣುರಿ ಬಂದಾಗ ಯಾರಿಗೆ ಹೇಳಿದ್ರಿ?"

ಅವ್ವ ನನ್ನನ್ನು ತೋರಿಸಿದಳು. "ಇವಗ ಹೇಳಿದ್ಲರಿ. ಇಂವ ಮೆಡಿಕಲ್‌ದಾಗ ಅದಾನ."

"ನನಗ ಗೊತ್ತಿರಲಿಲ್ಲರಿ" ಅಂದೆ.

"ನೀವೇ ನಿಲ್ಲಿಸಬೇಕಿತ್ತು ಅಂತ ನಾನು ಹೇಳಾಕತ್ತಿಲ್ಲ. ಫಿಟ್ಸಿನ ಗುಳಿಗಿ ತಮ್ಮಷ್ಟಕ್ಕ ತಾವು ನಿಲ್ಲಸಬಾರದು. ಅವತ್ತ ನಮ್ಮ ಕಡೆ ಕಳಸಬೇಕಿತ್ತು. ಅವತ್ತ ಬಂದಿದ್ರ ಕಣ್ಣು ಉಳಸಾಕ ಭಾಳ ಅನುಕೂಲ ಆಗತಿತ್ತು." ಆಮೇಲೆ ಅವರು ಹೇಳಿದರು, ಇಂಥದ್ದಾದಾಗ ತಾವು ಮೇಲಿನವರಿಗೆ ವರದಿ ಕಳಿಸುತ್ತೇವೆ, ಔಷಧಿ ಅಂಗಡಿಯವರೂ ಕಳಿಸಬಹುದು, ಕಳಿಸಿದರೆ ಇನ್ನೊಬ್ಬರಿಗೆ ಕೊಡುವ ಮುಂಚೆ ಎಚ್ಚರ ಇರುತ್ತದೆ. "ಆದ್ರ ಅಂಗಡಿಯವರು ಯಾರು ಕಳಸ್ತಾರ? ಪೇಷಂಟ್ ಹೇಳಿದ್ದನ್ನ ಕೇಳಿದ್ರ ಸಾಕಾಗೇತಿ."

ಜೀವ ಉಳಿಯಿತು. ಕಣ್ಣು ಪೂರ್ತಿ ಉಳಿಯಲಿಲ್ಲ. ಒಂದು ಕಣ್ಣು ಮಂಜಾಯಿತು. ಇನ್ನೊಂದು ಬೆಳಕು ತಾಳುವುದಿಲ್ಲ, ಕಣ್ಣೀರು ಒಸರುವುದಿಲ್ಲ, ತಾಸಿಗೊಮ್ಮೆ ಹನಿ ಹಾಕಬೇಕು. ಹೊಸ್ತಿಲ ಬೆಳಕಿನಲ್ಲಿ ಕೂರುತ್ತಿದ್ದವಳು ಈಗ ಕರಿ ಕನ್ನಡಕ ಹಾಕಿಕೊಂಡು ಅಡುಗೆಮನೆಯ ಮೂಲೆಯಲ್ಲಿ ಕೂರುತ್ತಾಳೆ.

ಮಾಲೀಕರು ಆಸ್ಪತ್ರೆಗೆ ಬಂದಿದ್ದರು. ಅವ್ವನಿಗೆ ಊಟದ ಡಬ್ಬಿ ಕಳಿಸಿದರು. ಅವರು ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಅನುಕೂಲವಿತ್ತು. ಅವರು ಕೆಟ್ಟವರಲ್ಲ. ಅವರಿಗೆ ರೋಗಿಯ ಮಾತು ಅನ್ನುವುದು ಹೊರಗಿನ ಆಟೋ ಹಾರ್ನಿನ ಹಾಗೆ, ಅಷ್ಟೇ. ಕೇಳಿಸುತ್ತದೆ, ಕೇಳಬೇಕಾದದ್ದಲ್ಲ. ಇಷ್ಟು ವರ್ಷ ಓದಿ, ಗೋಡೆಯ ಮೇಲೆ ಸರ್ಟಿಫಿಕೇಟು ತೂಗುಹಾಕಿ, ಅದಕ್ಕೆ ಊದಿನಕಡ್ಡಿ ಬೆಳಗುವ ಮನುಷ್ಯನಿಗೆ ಒಡೆದ ತುಟಿ ಕಣ್ಣಿಗೆ ಬೀಳಲಿಲ್ಲ ಅಂದರೆ ನನ್ನ ರಕ್ತ ಕುದಿಯುತ್ತದೆ.

ತಂಗಿ ಮನೆಗೆ ಬಂದ ಮೇಲೆ ನಾನು ಮತ್ತೆ ಅಂಗಡಿಗೆ ಹೋದೆ. ಹೌದು, ಹೋದೆ. ಬೇರೆ ಕೆಲಸ ಗೊತ್ತಿರಲಿಲ್ಲ. ಡಾಕ್ಟರಮ್ಮ ಹೇಳಿದ್ದನ್ನು ಮಾಲೀಕರಿಗೆ ಹೇಳಿ, "ನಾವೂ ಒಂದು ವರದಿ ಕಳಸೋಣ್ರಿ ಸರ್" ಅಂದೆ.

"ಹುಚ್ಚ ಅದೀ ಏನು? ನಾಳಿ ನಮ್ಮ ಅಂಗಡಿ ಹೆಸರು ಬರತೈತಿ. ಎಲ್ಲೋ ಒಬ್ರಿಗೆ ಆಗೂದು. ನಿನ್ನ ತಂಗಿ ಹಣೇಬರಹ, ಏನ್ ಮಾಡಾಕ ಬರತೈತಿ?"

ಆಗಲೂ ನಾನು ಮುಂದಿನ ಗಿರಾಕಿಯ ಚೀಟಿ ತೆಗೆದುಕೊಂಡೆ. ಒಂದು ವಾರದ ಮೇಲೆ ಹತ್ತಿರದ ಸುಳ್ಳ ಎಂಬ ಹಳ್ಳಿಯಿಂದ ಬಂದ ಹೆಂಗಸೊಬ್ಬಳು ಗಂಡನ ಗುಳಿಗೆ ಪಟ್ಟಿ ಹಿಡಿದುಕೊಂಡು ನಿಂತಳು. "ಇವು ತಗೊಂಡಾಗಿಂದ ನಮ್ಮನಿಯವರ ತುಟಿ ಬಾತಾವ್ರಿ. ಬಸ್ ಹಿಡದ ಇದನ್ನ ಕೇಳಾಕಂತ ಬಂದೇನಿ."

ಮಾಲೀಕರು ನನ್ನ ಕಡೆ ನೋಡಿದರು. ನನ್ನ ಕೈ ತಾನಾಗಿಯೇ ಕೌಂಟರಿನ ಕೆಳಗೆ ಹೋಗಿ ಡಬ್ಬಿ ಹಿಡಿಯಿತು. ನನ್ನ ಕೈ ಅದು! ಇಷ್ಟೆಲ್ಲ ಆದ ಮೇಲೂ! ನನಗೆ ಏನಾಯಿತೋ, ಡಬ್ಬಿಯನ್ನು ಎತ್ತಿ ಕೌಂಟರಿನ ಮೇಲೆ ಬೋರಲು ಹಾಕಿದೆ. ತುಂಡುಗಳು ಮೆಟ್ಟಿಲ ತನಕ ಚೆಲ್ಲಿದವು.

"ಯವ್ವಾ, ಇಲ್ಲಿ ನಿಂದ್ರಬ್ಯಾಡ" ಅಂದೆ. "ಗಂಡನ್ನ ಕರಕೊಂಡು ಈಗಿಂದೀಗ ದವಾಖಾನಿಗೆ ಹೋಗು. ಈ ಪಟ್ಟಿ ತೋರಸು. ಇಲ್ಲಿ ಕೇಳವ್ರು ಯಾರೂ ಇಲ್ಲ!"

"ತಲಿ ಕೆಟ್ಟೇತೇನಲೇ ನಿಂದು?" ಅಂದರು ಮಾಲೀಕರು.

"ಹೌದ್ರಿ. ನನ್ನ ತಂಗಿ ಬಂದಾಗ ಕೆಡಬೇಕಿತ್ತು, ತಡಾ ಆತು."

ಹೆಂಗಸು ಹೆದರಿ ಓಡಿದಳು, ಗಂಡನನ್ನು ಕರೆತರಲು ಬಸ್ ನಿಲ್ದಾಣದ ದಿಕ್ಕಿಗೇ ಓಡಿದಳು. ನಾನೂ ಇಳಿದುಬಂದೆ. ತಿರುಗಿ ನೋಡಿದಾಗ ಮಾಲೀಕರು ಬಗ್ಗಿ ತುಂಡುಗಳನ್ನು ಒಂದೊಂದೇ ಆರಿಸಿ ಮತ್ತೆ ಡಬ್ಬಿಗೆ ಹಾಕುತ್ತಿದ್ದರು.

ಈಗ ಪೈಪು, ನಲ್ಲಿ ಮಾರುವ ಅಂಗಡಿಯಲ್ಲಿದ್ದೇನೆ. ಡಬ್ಬಿ ಚೆಲ್ಲಿದ ಕಥೆಯನ್ನು ಓಣಿಯಲ್ಲಿ ಹೇಳಿದೆ, ಚಹಾದಂಗಡಿಯಲ್ಲಿ ಹೇಳಿದೆ, ನೆಂಟರಿಗೆ ಹೇಳಿದೆ. ಹೇಳಿದಷ್ಟೂ ನನ್ನ ದನಿ ಏರುತ್ತಿತ್ತು. ಎಲ್ಲರೂ, "ಶಾಭಾಷ್, ಛಲೋ ಮಾಡಿದಿ" ಅಂದರು.

ತಂಗಿ ಸೂಜಿ ಬಿಟ್ಟಿಲ್ಲ. ಮದುವೆ ಸೀರೆ ಈಗ ಬರುವುದಿಲ್ಲ. ಓಣಿಯವರ ದಿನದ ಸೀರೆಗಳಿಗೆ ಬೆರಳಿನಿಂದ ಅಂಚು ಮುಟ್ಟಿ ನೋಡಿ ಫಾಲ್ ಹಚ್ಚುತ್ತಾಳೆ. ದಾರ ಪೋಣಿಸುವುದು ಮಾತ್ರ ಆಗುವುದಿಲ್ಲ. ಕೆಲಸಕ್ಕೆ ಹೋಗುವ ಮುಂಚೆ ನಾನು ಅವಳ ಹತ್ತಿರ ಕೂತು, ಬೇರೆ ಬೇರೆ ಬಣ್ಣದ ದಾರ ಪೋಣಿಸಿ, ಸೂಜಿಗಳನ್ನು ಒಂದು ದಿಂಬಿಗೆ ಚುಚ್ಚಿಟ್ಟು ಹೋಗುತ್ತೇನೆ.

ಒಂದು ಬೆಳಿಗ್ಗೆ ಹಾಗೆ ಪೋಣಿಸುತ್ತ, ಹಿಂದಿನ ದಿನ ಯಾರಿಗೋ ಡಬ್ಬಿಯ ಕಥೆ ಹೇಳಿದ್ದನ್ನು ಅವಳಿಗೂ ಹೇಳತೊಡಗಿದೆ.

"ಸಾಕ ಮಾಡು" ಅಂದಳು.

"ಯಾಕ? ಆ ಮನಶ್ಯಾಗ ಬುದ್ಧಿ ಕಲಸಬೇಕಿತ್ತಿಲ್ಲೋ?"

"ಅಲ್ಲಿ ಒದರಿದಿ. ಚಾದಂಗಡ್ಯಾಗ ಒದರಿದಿ. ಸುಳ್ಳದಾಕಿಗೆ ಹೇಳಿದಿ. ನನಗೇನ್ ಹೇಳಿದಿ?"

"ನನಗ ಗೊತ್ತಿರಲಿಲ್ಲವಾ…"

"ಡಾಕ್ಟರಮ್ಮಗೂ ಹಂಗ ಹೇಳಿದ್ದು ಕೇಳೇನಿ. ಕಣ್ಣ ಅಂಟಿದ್ವು, ಕಿವಿ ಇದ್ವು." ಅವಳು ಕನ್ನಡಕ ತೆಗೆದಳು. ಕಣ್ಣು ಕೆಂಪಗಿತ್ತು, ನೀರಿರಲಿಲ್ಲ. ಅಳಲು ಕೂಡ ಬರದ ಕಣ್ಣು. "ಅಂವ ನಕ್ಕದ್ದು ನನಗ ನೆನಪಿಲ್ಲೋ ಯಣ್ಣಾ. ಅಂವ ಯಾರೋ. ನೀ ನಕ್ಕದ್ದು ಐತಲ್ಲ, ನನ್ನ ಕಣ್ಣು ಕಡೀಗೆ ಛಲೋತ್ನ್ಯಾಗಿ ನೋಡಿದ್ದು ಅದನ್ನ. ಅದು ಹೋಗವಲ್ದು."

ನನ್ನ ಕೈಯಲ್ಲಿ ಸೂಜಿ ಇತ್ತು, ದಾರ ಇತ್ತು. ಇಷ್ಟು ದಿನ ಮಾಲೀಕರ ಮೇಲೆ ಕೂಗಾಡಿದ್ದೆಲ್ಲ ಈ ಒಂದು ಮಾತು ಕೇಳಬಾರದೆಂದೇ ಇರಬೇಕು. ಸೂಜಿಯನ್ನು ದಿಂಬಿಗೆ ಚುಚ್ಚಿ, ಅವಳ ಮುಂದೆ ನೆಲದ ಮೇಲೆ ಕೂತೆ. ಒಲೆಯ ಹತ್ತಿರ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಅವಳಿಗೂ ಕೇಳಲಿ ಎಂದು ಗಟ್ಟಿಯಾಗಿಯೇ ಹೇಳಿದೆ.

"ನನಗ ಗೊತ್ತಿತ್ತು. ನಿನಗಿಂತ ಮೊದಲ ಒಬ್ಬ ಕಾಕಾಗ ಇದ ಗುಳಿಗಿದ್ದ ಹಿಂಗ ಆಗಿತ್ತು. ಅವರಿಗೂ ನಾನ ಡಬ್ಬಿದಾಗಿಂದು ಕೊಟ್ಟು ಕಳಿಸಿದ್ದೆ. ನಿನ್ನ ತುಟಿ ನೋಡಿದ ಕೂಡ್ಲೇ ಅವರ ಕೈ ನೆನಪಾತು. ನೆನಪಾಗಿನೂ ನಕ್ಕೆ, ಮಾಲಕ್ರ ಮುಂದ ನಾನೂ ಪೆಪ್ಪರಮೆಂಟ್ ಗಿರಾಕಿ ಆಗ್ತೀನಂತ ನಾಚಿ ನಕ್ಕೆ. ಗೊತ್ತಿರಲಿಲ್ಲ ಅಂದದ್ದು ಸುಳ್ಳು. ತಪ್ಪು ನಂದು ತಂಗೀ. ನೀ ಖರೇ ಹೇಳಿದ್ದಿ, ನಾ ನಕ್ಕೆ. ತಪ್ಪಾತು."